ಬೋಲ್ಟುಗಳನ್ನು ಅಳೆದುಕೊಟ್ಟ ಹಿರಿಯರಿಗೆ ಧನ್ಯವಾದ

ವಿಂಟೇಜ್ ಕಾರಿನ ಎಂಜಿನ್ ಬಿಚ್ಚಿ ಮರುಜೋಡಣೆಗೆ ಕೂತಿದ್ದ ನಾನು, ಪಿಸ್ಟನ್ನನ್ನು ಕ್ರ್ಯಾಂಕ್ ಶಾಫ್ಟಿಗೆ ಜೋಡಿಸುವ ಕನೆಕ್ಟಿಂಗ್ ರಾಡಿಗೆ ಹಳೆಯ ಬೋಲ್ಟುಗಳನ್ನೇ ಹಾಕಬಹುದೇ ಎಂಬುದು ತೀರ್ಮಾನವಾಗದೆ, ಅವನ್ನು ಡಬ್ಬಿಯಲ್ಲಿ ತುಂಬಿಕೊಂಡು ಬೋಲ್ಟು–ನಟ್ಟಿನ ಅಂಗಡಿಗೆ ಹೋಗಿದ್ದೆ. ಬಾಗಿಲು ಹಾಕುವ ಹೊತ್ತಾಗಿದ್ದರೂ ಕೌಂಟರಿನಲ್ಲಿದ್ದ ಹಿರಿಯರು ಆರಿಸಿದ್ದ ದೀಪವನ್ನು ಮತ್ತೆ ಹಾಕಿದರು.

ಪ್ರತಿಯೊಂದು ಬೋಲ್ಟನ್ನೂ ಬಟ್ಟೆಯಿಂದ ಒರೆಸಿ, ವರ್ನಿಯರ್ ಕ್ಯಾಲಿಪರ್ ಹಿಡಿದು ಅಳೆದರು. ಆಮೇಲೆ ಹೊಸ ನಟ್ಟೊಂದನ್ನು ಬೆರಳಿನಿಂದಲೇ ತಿರುಗಿಸುತ್ತ ಹೋದಾಗ, ಒಂದು ಬೋಲ್ಟಿನಲ್ಲಿ ಅದು ನಡುವೆಯೇ ಬಿಗಿದು ನಿಂತಿತು. ಮಿತಿಮೀರಿದ ಎಳೆತಕ್ಕೆ ಬೋಲ್ಟು ಶಾಶ್ವತವಾಗಿ ಹಿಗ್ಗಿದರೆ ಥ್ರೆಡ್ಡುಗಳ ಅಂತರವೂ ಬದಲಾಗುತ್ತದೆಂದು ತೋರಿಸಿಕೊಟ್ಟು, ಮಿಕ್ಕವೂ ಅಷ್ಟೇ ದುಡಿದಿರುವುದರಿಂದ ಇಡೀ ಸೆಟ್ಟನ್ನೇ ಬದಲಿಸಿ ಎಂದರು.

ಅದೇ ಅಳತೆಯ, 8.8 ಗ್ರೇಡಿನ (ಬಲದ ದರ್ಜೆ) ಬೋಲ್ಟುಗಳು ಅವರ ಹಿಂದಿನ ಕಪಾಟಿನಲ್ಲೇ ಇದ್ದವು. ಆದರೆ ರಾಡಿಗೆಂದೇ ತಯಾರಾದ ಬೋಲ್ಟನ್ನೇ ಹಾಕಬೇಕು, ಇವು ಸಲ್ಲವು ಎಂದು ಹೇಳಿ ಅವನ್ನು ಕೊಡಲೊಪ್ಪಲಿಲ್ಲ. (ಕೈಗೆ ಬಂದ ವ್ಯಾಪಾರವನ್ನು ಹೀಗೆ ಬಿಡುವವರು ಅಪರೂಪ.) ಉದ್ದ, ವ್ಯಾಸ, ಪಿಚ್ಚು (ಥ್ರೆಡ್ಡುಗಳ ಅಂತರ) ಇವುಗಳನ್ನು ಚೀಟಿಯಲ್ಲಿ ಬರೆದು, ಕೆಟ್ಟಿದ್ದ ಬೋಲ್ಟಿಗೆ ಕೆಂಪು ಬಣ್ಣದ ಗುರುತು ಹಾಕಿ ಡಬ್ಬಿ ಹಿಂದಿರುಗಿಸಿದರು.

ಓಡುವ ಎಂಜಿನ್ನಿನಲ್ಲಿ ರಾಡಿನ ಬೋಲ್ಟು ತುಂಡಾದರೆ ಎಂಜಿನ್ನಿನ ಒಡಲಾದ ಬ್ಲಾಕೇ ಒಡೆದುಹೋಗಬಹುದು. ಸಿಗಲಾರದ ಆ ಬ್ಲಾಕಿನ ಚಿಂತೆ ಅಂದು ಇಳಿಯಿತು. ಹೆಸರು ಕೇಳಲಾಗದ ಆ ಹಿರಿಯರಿಗೆ ನನ್ನ ಕೃತಜ್ಞತೆಗಳು.