ದಾನಿಯ ಬಣ್ಣ, ಜಾತಿ ಯಾಕೆ ಬೇಕು?

ಮಾನ್ಯ ಸಂಪಾದಕರೇ,

ಈಚೆಗೆ ಸಂಬಂಧಿಕ ದಂಪತಿಯ ಜೊತೆ ಹುಬ್ಬಳ್ಳಿಯ ಒಂದು ಐವಿಎಫ್ (ಪ್ರನಾಳ ಶಿಶು) ಆಸ್ಪತ್ರೆಗೆ ಹೋಗಿದ್ದೆ. ವೀರ್ಯ ದಾನಿ ಬೇಕಾಗುತ್ತದೆ ಎಂದು ವೈದ್ಯರು ಹೇಳಿದರು. ಹೊರಗೆ ಬಂದ ಕೂಡಲೇ ಮನೆಯ ಹಿರಿಯರು ಕೌಂಟರಿನಲ್ಲಿ ಕೇಳಿದ್ದು ಇಷ್ಟೇ: ‘ಹುಡುಗ ಕೆಂಪಗ ಇರ್ಲಿ, ಇಂಜಿನಿಯರ್ ಇರ್ಲಿ, ನಮ್ಮ ಪೈಕಿನ ಇರ್ಲಿ.’ ಸಿಬ್ಬಂದಿ ಆಗಲ್ಲ ಅನ್ನಲಿಲ್ಲ, ‘ನೋಡೋಣ್ರಿ’ ಅಂದರು. ದಾನಿಗೆ ಯಾವ ಪರೀಕ್ಷೆ ಮಾಡುತ್ತೀರಿ ಎಂದು ಯಾರೂ ಕೇಳಲಿಲ್ಲ.

ನಾನು ಊರೂರು ತಿರುಗಿ ದನಗಳಿಗೆ ಕೃತಕ ಗರ್ಭಧಾರಣೆ ಮಾಡಿ ನಿವೃತ್ತನಾದವನು. ‘ಸಾಹೇಬ್ರ, ಚಲೋ ಹೋರೀದ ಇಂಜೆಕ್ಷನ್ ಮಾಡ್ರಿ’ ಅನ್ನುತ್ತಿದ್ದರು ರೈತರು. ಅಲ್ಲಿ ಆಯ್ಕೆಗೆ ಅರ್ಥವಿದೆ. ಹೋರಿಯ ಹೆಣ್ಣು ಸಂತಾನ ಎಷ್ಟು ಹಾಲು ಕೊಟ್ಟಿತು ಎಂದು ಅಳೆದು ಹೋರಿಯ ಬೆಲೆ ಕಟ್ಟುತ್ತಾರೆ. ಅಷ್ಟಾದರೂ ಎಡವಟ್ಟು ತಪ್ಪಿಲ್ಲ. ಅಮೆರಿಕದಲ್ಲಿ 1962ರಲ್ಲಿ ಹುಟ್ಟಿದ ‘ಚೀಫ್’ ಎಂಬ ಹೋಲ್‌ಸ್ಟೈನ್ ಹೋರಿಗೆ ಹೆಣ್ಣುಕರುಗಳೇ ಸುಮಾರು 16,000. ಹಾಲಿನಲ್ಲಿ ಎಲ್ಲರೂ ಮೆಚ್ಚಿದ ತಳಿ. ಅದರಲ್ಲಿ ಅಡಗಿದ್ದ ಒಂದು ಜೀನ್ ದೋಷ ಪತ್ತೆಯಾಗುವಷ್ಟರಲ್ಲಿ ಅದರ ವಂಶದಲ್ಲಿ ಸುಮಾರು 5 ಲಕ್ಷ ಗರ್ಭಪಾತ ಆಗಿದ್ದವು ಎಂಬುದು ವಿಜ್ಞಾನಿಗಳ ಅಂದಾಜು.

ಮನುಷ್ಯರಲ್ಲಿ ಏನನ್ನು ಅಳೆಯುತ್ತೀರಿ? ಎತ್ತರವೊಂದಕ್ಕೇ ಸಾವಿರಾರು ಜೀನ್ ವ್ಯತ್ಯಾಸಗಳು ಕಾರಣ. ಡಿಗ್ರಿಯಂತೂ ವೀರ್ಯದಲ್ಲಿ ಬರುವುದಿಲ್ಲ. ‘ನಮ್ಮ ಪೈಕಿ’ ಅನ್ನುವುದು ಇನ್ನೂ ಅಪಾಯ. ತಲೆಮಾರುಗಳಿಂದ ಒಳಗೊಳಗೇ ಹೆಣ್ಣು ಕೊಟ್ಟು ತಂದ ಕಡೆ, ದಾನಿ ಮತ್ತು ತಾಯಿ ಇಬ್ಬರಲ್ಲೂ ಒಂದೇ ಜೀನ್ ದೋಷ ಇರುವ ಸಂಭವ ಜಾಸ್ತಿ. ಇಬ್ಬರೂ ತಲಸ್ಸೇಮಿಯಾ ಎಂಬ ವಂಶವಾಹಿ ರಕ್ತದ ಕಾಯಿಲೆಯ ವಾಹಕರಾದರೆ, ಅಂದರೆ ತಮಗೆ ಕಾಯಿಲೆ ಇಲ್ಲದೆ ದೋಷದ ಜೀನ್ ಮಾತ್ರ ಹೊತ್ತವರಾದರೆ, ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಪ್ರತಿ ಸಲವೂ ಶೇ 25.

ಗಂಡನ ಮೈಬಣ್ಣಕ್ಕೆ ಹೊಂದುವ ದಾನಿ ಬೇಕು ಅಂದರೆ ಒಪ್ಪಬಹುದು, ಊರ ಬಾಯಿ ಮುಚ್ಚಿಸಬೇಕಲ್ವಾ. ಆದರೆ ಗಂಡ ಕಪ್ಪಗಿದ್ದಾನೆ, ದಾನಿಯಾದರೂ ಕೆಂಪಗಿರಲಿ ಅನ್ನುವುದು ಆ ಗಂಡನಿಗೇ ಮಾಡುವ ಅವಮಾನ. ಅವನು ಅಲ್ಲೇ ಕೂತಿದ್ದ.

ಐವಿಎಫ್‌ನಂಥ ಚಿಕಿತ್ಸೆಗಳನ್ನು ನಿಯಂತ್ರಿಸುವ 2021ರ ಎಆರ್‌ಟಿ (ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ) ಕಾಯ್ದೆ ಪ್ರಕಾರ ದಾನಿಯ ವಯಸ್ಸು 21ರಿಂದ 55ರೊಳಗಿರಬೇಕು, ರೋಗ ಪರೀಕ್ಷೆ ಆಗಬೇಕು, ಒಬ್ಬನ ವೀರ್ಯವನ್ನು ಒಂದೇ ದಂಪತಿಗೆ ಕೊಡಬೇಕು. ಈ ಮಿತಿಯಿಂದ ದಾನಿಗಳು ಸಾಲುತ್ತಿಲ್ಲ ಎಂಬ ದೂರಿದೆ. ಇರಬಹುದು, ಆದರೂ ಇದನ್ನು ಸಡಿಲಿಸಬಾರದು. ಗಂಡು-ಹೆಣ್ಣು ಆರಿಸುವುದನ್ನು ಇದೇ ಕಾಯ್ದೆ ನಿಷೇಧಿಸಿದೆ. ಜಾತಿ ಕೇಳುವುದನ್ನೂ ಹಾಗೇ ನಿಷೇಧಿಸಲಿ. ದಾನಿಯ ತಲಸ್ಸೇಮಿಯಾ ವರದಿಯನ್ನು, ಹೆಸರು ಮುಚ್ಚಿಟ್ಟು, ದಂಪತಿಗೆ ಕನ್ನಡದಲ್ಲಿ ವಿವರಿಸಿ ಸಹಿ ಪಡೆಯುವುದು ಕಡ್ಡಾಯವಾಗಲಿ.

– ಪಶು ಇಲಾಖೆಯ ನಿವೃತ್ತ ನೌಕರ, ಬ್ಯಾಡಗಿ, ಹಾವೇರಿ ಜಿಲ್ಲೆ