ಹುಡುಗಿಯರನ್ನು ಪ್ರೊಡಕ್ಷನ್‌ಗೂ ಸೇರಿಸಿಕೋ

ದಾವಣಗೆರೆ

ಪ್ರೀತಿಯ ಗೆಳೆಯ,

ನೀನು ಔಷಧಿ ಕಂಪನಿಯಲ್ಲಿ ಪ್ರೊಡಕ್ಷನ್ ಮ್ಯಾನೇಜರ್ ಆಗಿದ್ದು ಕೇಳಿ ತುಂಬಾ ಖುಷಿಯಾಯಿತು. ಫೋನಿನಲ್ಲಿ ಅಭಿನಂದನೆ ಹೇಳಿ ಆಯಿತು, ಈಗ ನಿನ್ನಿಂದ ಒಂದು ಕೆಲಸ ಆಗಬೇಕು.

ಇಲ್ಲಿ ನನ್ನ ಬಿ.ಫಾರ್ಮ ಕ್ಲಾಸಿನಲ್ಲಿ ಈಗ ಹುಡುಗಿಯರೇ ಜಾಸ್ತಿ. ಜಗಳೂರು, ಹೊನ್ನಾಳಿ ಕಡೆಯಿಂದ ಬೆಳಿಗ್ಗೆ ಬಸ್ ಹಿಡಿದು ಬರುತ್ತಾರೆ. ಓದು ಮುಗಿಸಿ ಬೆಂಗಳೂರಿಗೆ ಹೋದವರು ಎಲ್ಲಿ ಸೇರುತ್ತಾರೆ ಅಂತ ನಿನಗೇ ಗೊತ್ತು. ಔಷಧಿಯ ಗುಣಮಟ್ಟ ಪರೀಕ್ಷಿಸುವ ಕ್ಯೂಸಿ ಲ್ಯಾಬ್, ಇಲ್ಲಾಂದ್ರೆ ದಾಖಲೆ ಬರೆಯುವ ಡಾಕ್ಯುಮೆಂಟೇಶನ್. ಅದು ಸಣ್ಣ ಕೆಲಸ ಅಲ್ಲವೇ ಅಲ್ಲ. ಆದರೆ ತಯಾರಿಕೆಗೆ ಅಪ್ರೂವ್ಡ್ ಕೆಮಿಸ್ಟ್, ಅಂದರೆ ತಯಾರಿಕೆ ನೋಡಿಕೊಳ್ಳಲು ಸರ್ಕಾರದ ಒಪ್ಪಿಗೆ ಪಡೆದವರು, ಆಗಬೇಕಾದರೆ ಬಿ.ಫಾರ್ಮ ಆದಮೇಲೆ ಕನಿಷ್ಠ 18 ತಿಂಗಳು ತಯಾರಿಕೆಯಲ್ಲೇ ಕೆಲಸ ಮಾಡಿರಬೇಕು, ಅಲ್ವಾ? ಲ್ಯಾಬಿನಲ್ಲಿ ಎಷ್ಟು ವರ್ಷ ದುಡಿದರೂ ಅದು ಟೆಸ್ಟಿಂಗ್ ಲೆಕ್ಕಕ್ಕೇ ಹೋಗುತ್ತದೆ. ಮುಂದೆ ಪ್ಲಾಂಟ್ ನೋಡಿಕೊಳ್ಳುವ ಹುದ್ದೆ ಬಂದಾಗ 'ಪ್ರೊಡಕ್ಷನ್ ಅನುಭವ ಇಲ್ಲ' ಅಂತ ಅವರ ಹೆಸರು ಬಿಟ್ಟುಹೋಗುತ್ತದೆ. ಶುರುವಿನಲ್ಲೇ ಆ ಕಡೆ ಬಿಟ್ಟುಕೊಳ್ಳದಿದ್ದರೆ ಅನುಭವ ಎಲ್ಲಿಂದ ಬರಬೇಕು?

ಮೊದಲೆಲ್ಲ ನೈಟ್ ಶಿಫ್ಟ್ ಕಾರಣ ಹೇಳುತ್ತಿದ್ದರು. 1948ರ ಕಾರ್ಖಾನೆ ಕಾಯ್ದೆ ರಾತ್ರಿ ಏಳರಿಂದ ಬೆಳಿಗ್ಗೆ ಆರರವರೆಗೆ ಹೆಂಗಸರನ್ನು ದುಡಿಸಬಾರದು ಅನ್ನುತ್ತಿತ್ತು. ನಮ್ಮ ರಾಜ್ಯದಲ್ಲಿ 2019ರಲ್ಲೇ ಅದಕ್ಕೆ ಅವಕಾಶ ಆಗಿದೆ. ಅವರ ಒಪ್ಪಿಗೆ ಬೇಕು, ಗಾಡಿ ಕಳಿಸಬೇಕು, ಭದ್ರತೆ ಇರಬೇಕು. ಗಾಡಿ ಖರ್ಚು ಉಳಿಸಲು ಹುಡುಗಿಯರೇ ಬೇಡ ಅನ್ನುವುದು ನನಗೆ ಸರಿ ಕಾಣುವುದಿಲ್ಲ.

ಇನ್ನೊಂದು ವಿಷಯ. ಗ್ರ್ಯಾನ್ಯುಲೇಶನ್, ಅಂದರೆ ಮಾತ್ರೆ ಒತ್ತುವ ಮೊದಲು ಪುಡಿಯನ್ನು ಒದ್ದೆ ಮಾಡಿ ಹರಳಾಗಿಸುವ ಕೆಲಸದ ಹದ ನಾವು ಕಲಿತಿದ್ದು ಹೇಗೆ, ನೆನಪಿದೆಯಾ? ಗ್ಲೌಸ್ ಹಾಕಿದ ಕೈಯಲ್ಲಿ ಒದ್ದೆ ಪುಡಿ ತೆಗೆದು ಮುಷ್ಟಿ ಬಿಗಿದರೆ ಉಂಡೆಯಾಗಬೇಕು, ಬೆರಳಲ್ಲಿ ಒತ್ತಿದರೆ ಸಲೀಸಾಗಿ ಒಡೆಯಬೇಕು. ಪುಡಿಪುಡಿ ಉದುರಿದರೆ ನೀರು ಸಾಲದು, ಕೈಗೆ ಅಂಟಿದರೆ ಜಾಸ್ತಿಯಾಗಿದೆ. ಇದನ್ನು ನಾನು ಬೋರ್ಡ್ ಮೇಲೆ ಬರೆದರೆ ಬರುವುದಿಲ್ಲ. ಹಳೆಯ ಆಪರೇಟರ್ ಪಕ್ಕ ನಿಂತು, ಅವರ ಕೈ ನೋಡಿಯೇ ಕಲಿಯಬೇಕು. ಮೆಂಟರಿಂಗ್ ಅಂದರೆ ನನಗೆ ಇದೇ. ಮಾರ್ಚ್ ಎಂಟಕ್ಕೆ ಹೂ ಕೊಟ್ಟು ಭಾಷಣ ಮಾಡುವುದರಿಂದ ಯಾರ ಕೈಗೂ ಹದ ಬರುವುದಿಲ್ಲ.

ಸರ್ಪಸುತ್ತಿಗೆ ಕೊಡುವ ಅಸೈಕ್ಲೋವಿರ್ ಔಷಧಿ ಅಮೆರಿಕದ ವಿಜ್ಞಾನಿ ಗರ್ಟ್ರೂಡ್ ಎಲಿಯನ್ ಅವರ ತಂಡದ್ದು ಅಂತ ಕ್ಲಾಸಿನಲ್ಲಿ ಪ್ರತಿ ವರ್ಷ ಹೇಳುತ್ತೇನೆ. ಹೆಣ್ಣುಮಗಳು ಅಂತ ಲ್ಯಾಬಿಗೆ ಯಾರೂ ಸೇರಿಸಿಕೊಳ್ಳದೆ, ಒಂದಷ್ಟು ಕಾಲ ಉಪ್ಪಿನಕಾಯಿಯ ಹುಳಿ ಪರೀಕ್ಷೆ ಮಾಡಿಕೊಂಡಿದ್ದವರು ಅವರು. 1944ರಲ್ಲಿ ಔಷಧಿ ಸಂಶೋಧಕ ಜಾರ್ಜ್ ಹಿಚಿಂಗ್ಸ್ ಅವರನ್ನು ತಮ್ಮ ಲ್ಯಾಬಿಗೆ ತೆಗೆದುಕೊಂಡರು. ಕೆಮಿಸ್ಟ್ರಿಯಲ್ಲೇ ಕೂರಿಸದೆ, ಅವರು ಬಯೋಕೆಮಿಸ್ಟ್ರಿ, ವೈರಸ್ಸು ಅಂತ ಹೋದ ಕಡೆಗೆಲ್ಲ ಹೋಗಲು ಬಿಟ್ಟರು. ಎಲಿಯನ್ ಪಿಎಚ್‌ಡಿ ಕೂಡ ಮುಗಿಸಿರಲಿಲ್ಲ. 1988ರಲ್ಲಿ ನೊಬೆಲ್ ಪಡೆದ ಮೂವರಲ್ಲಿ ಇವರಿಬ್ಬರೂ ಇದ್ದರು. ಈ ಕಥೆಯಲ್ಲಿ ನನಗೆ ಹಿಚಿಂಗ್ಸ್ ಅಷ್ಟೇ ಮುಖ್ಯ, ಯಾಕಂದ್ರೆ ಈಗ ನೀನು ಕೂತಿರುವುದು ಆ ಜಾಗದಲ್ಲಿ.

ಈ ವರ್ಷ ಮುಗಿಸುವ ಒಬ್ಬ ಹುಡುಗಿ ಟ್ರೈನಿಂಗ್‌ಗೆ ಹೋಗಿ ಬಂದಾಗಿನಿಂದ ಮಾತ್ರೆ ಒತ್ತುವ ಕಂಪ್ರೆಶನ್ ಮಷೀನಿನದೇ ಮಾತು. ಮಾತ್ರೆ ಕ್ಯಾಪಿಂಗ್ ಆಗುವಾಗ, ಅಂದರೆ ಅದರ ಮೇಲಿನ ಪದರ ಕಳಚಿ ಬರುವಾಗ, ಆಪರೇಟರ್ ಸ್ಪೀಡ್ ಯಾಕೆ ಇಳಿಸಿದರು ಅಂತ ಕೇಳಿಕೊಂಡು ಸ್ಟಾಫ್ ರೂಮಿಗೇ ಬಂದಳು. ಅವಳ ಬಯೋಡೇಟಾ ಕಳಿಸುತ್ತಿದ್ದೇನೆ. ಪ್ರೊಡಕ್ಷನ್ ಟ್ರೈನಿ ಇಂಟರ್‌ವ್ಯೂಗೆ ಕರೆ, ಪ್ರಶ್ನೆ ಎಷ್ಟು ಬೇಕಾದರೂ ಕೇಳು. ಲ್ಯಾಬಿನಲ್ಲಿ ಜಾಗ ಇದೆ ಅಂತ ಮಾತ್ರ ಹೇಳಬೇಡ.

ನಿನ್ನ ಗೆಳತಿ