ಹಾವು ತನ್ನಿ ಅನ್ನಬೇಡಿ, ಇಂಜೆಕ್ಷನ್ ಕೊಡಿ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ನಾನು ನಿಮ್ಮ ಕ್ಷೇತ್ರದವಳು. ಕಾಡಂಚಿನ ಹಳ್ಳಿಯಲ್ಲಿ ಅಡಿಕೆ ತೋಟ, ಒಂದಿಷ್ಟು ಗದ್ದೆ, ಎರಡು ಹಸು ಇಟ್ಟುಕೊಂಡು ಬದುಕುವವರು ನಾವು. ರಸ್ತೆಗೆ, ಕರೆಂಟಿಗೆ, ನೀರಿಗೆ ಅಂತ ನಿಮಗೆ ದಿನಾ ಅರ್ಜಿ ಬರುತ್ತಿರಬಹುದು. ನಾನು ಬರೆಯುತ್ತಿರುವುದು ಹಾವಿನ ವಿಷಯಕ್ಕೆ. ಗ್ರಾಮಸಭೆಯಲ್ಲಿ ಹೇಳಿದೆವು. ಪಂಚಾಯಿತಿಗೆ ಬರೆದು ಕೊಟ್ಟೆವು. ತಾಲ್ಲೂಕು ಆಫೀಸಿಗೂ ಹೋಗಿ ಬಂದೆವು. ಎಲ್ಲ ಕಡೆ ‘ನೋಡೋಣ’ ಅಂದರು. ವರ್ಷಗಳಿಂದ ನೋಡುತ್ತಲೇ ಇದ್ದಾರೆ. ಅದಕ್ಕೇ ಈಗ ಎಲ್ಲರೆದುರು ನಿಮ್ಮನ್ನು ಕೇಳುತ್ತಿದ್ದೇನೆ.

ಕೇಳುವುದು ಇಷ್ಟೇ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಗಲೂ ರಾತ್ರಿಯೂ ಹಾವಿನ ಇಂಜೆಕ್ಷನ್ ಇರಬೇಕು. ಅದನ್ನು ಕೊಡಲು ಗೊತ್ತಿರುವವರು ಅಲ್ಲೇ ಇರಬೇಕು. ಕಚ್ಚಿಸಿಕೊಂಡು ಬಂದವರಿಗೆ ‘ಯಾವ ಹಾವು? ಹಿಡ್ಕೊಂಡು ಬನ್ನಿ’ ಅನ್ನುವುದು ನಿಲ್ಲಬೇಕು.

ಹಾವಿನ ಜೊತೆ ಬದುಕುವುದು ನಮಗೆ ಹೊಸದಲ್ಲ. ಬಚ್ಚಲ ಒಲೆ ಪಕ್ಕದ ಸೌದೆ ಸಂದಿಯಲ್ಲಿ ಇರುತ್ತವೆ. ಕೊಟ್ಟಿಗೆಯ ಹುಲ್ಲಿನೊಳಗೆ ಇರುತ್ತವೆ. ಅಂಗಳದ ಮೂಲೆಯ ಅಡಿಕೆ ಸಿಪ್ಪೆ ರಾಶಿಗೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ಒಂದೊಂದನ್ನೂ ತೋರಿಸಿ ಹೇಳಿಕೊಟ್ಟರು. ಸರಸರ ಓಡುವ ಉದ್ದನೆಯದು ಕೇರೆ, ಅದನ್ನು ಮುಟ್ಟಬೇಡ, ಇಲಿ ತಿನ್ನುತ್ತದೆ. ಗದ್ದೆ ಕಟ್ಟೆಯಲ್ಲಿರುವುದು ನೀರೊಳ್ಳೆ, ಕಚ್ಚಿದರೂ ವಿಷ ಇಲ್ಲ. ಹೆಡೆ ಎತ್ತಿದರೆ ನಾಗರ, ದೂರ ನಿಂತು ದಾರಿ ಬಿಡು. ಕುಕ್ಕರ್ ಸೀಟಿ ಹಾಕಿದ ಹಾಗೆ ಬುಸ್ ಅನ್ನುತ್ತಲೇ ಇದ್ದರೆ ಕೊಳಕುಮಂಡಲ, ಹೆಜ್ಜೆ ಹಿಂದಿಡು.

ಆದರೂ ಎಷ್ಟೋ ಸಲ ಗೊತ್ತಾಗುವುದಿಲ್ಲ. ಕಟ್ಟುಹಾವಿಗೆ ಕಪ್ಪು ಮೈಮೇಲೆ ಬಿಳಿ ಪಟ್ಟಿ. ಮನೆ ಗೋಡೆ ಹತ್ತುವ ತೋಳಹಾವಿಗೂ ಹೆಚ್ಚುಕಡಿಮೆ ಅಂಥದ್ದೇ ಪಟ್ಟಿ. ಒಂದು ಕಚ್ಚಿದರೆ ಉಸಿರೇ ನಿಲ್ಲಬಹುದು, ಇನ್ನೊಂದರಲ್ಲಿ ವಿಷವೇ ಇಲ್ಲ. ತೋಳಹಾವಿನ ಪಟ್ಟಿ ಕುತ್ತಿಗೆಯ ಹತ್ತಿರವೇ ಶುರುವಾಗಿ ಬಾಲದ ಕಡೆ ಮಸುಕಾಗುತ್ತದೆ. ಕಟ್ಟುಹಾವಿನದ್ದು ಕುತ್ತಿಗೆ ದಾಟಿ ಸ್ವಲ್ಪ ಹಿಂದೆ ಶುರುವಾಗುತ್ತದೆ. ಜೋಡಿ ಜೋಡಿಯಾಗಿ ಬಾಲದವರೆಗೂ ಎದ್ದು ಕಾಣುತ್ತದೆ. ಬೆನ್ನ ನಡುವಿನ ಹುರುಪೆ ಉಳಿದವಕ್ಕಿಂತ ದೊಡ್ಡದು, ಆರು ಮೂಲೆಯದು. ಇದನ್ನೆಲ್ಲ ಹಗಲು ಬೆಳಕಿನಲ್ಲಿ, ಹಾವು ಸುಮ್ಮನೆ ಮಲಗಿದ್ದಾಗ ನೋಡಿ ಹೇಳಬಹುದು. ಕತ್ತಲಲ್ಲಿ, ಕಾಲು ಉರಿಯುತ್ತಿರುವಾಗ, ಹಾವು ಕಲ್ಲಿನ ಸಂದಿಗೆ ಹೋದ ಮೇಲೆ ಯಾರು ಹೇಳುತ್ತಾರೆ? ಕಟ್ಟುಹಾವಂತೂ ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವೂ ಇರುವುದಿಲ್ಲ, ಹಲ್ಲಿನ ಗುರುತೂ ಸರಿಯಾಗಿ ಕಾಣುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು ಅಂತ ಏಳುತ್ತಾರೆ, ಕಣ್ಣಿನ ರೆಪ್ಪೆ ಎತ್ತಲಾಗುವುದಿಲ್ಲ. ಅವರ ಹತ್ತಿರ ಹಾವು ಕೇಳಿದರೆ ಎಲ್ಲಿಂದ ತರುತ್ತಾರೆ?

ಈಗ ನಮ್ಮ ಮನೆಯಲ್ಲಿ ನಡೆದದ್ದು ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ. ದಯವಿಟ್ಟು ಪೂರ್ತಿ ಓದಿ.

ಕೊಯ್ಲಿನ ಸಮಯ. ಸಂಜೆ ಮೋಡ ಕವಿಯಿತು ಅಂತ ನಮ್ಮನೆಯವರು ಅಂಗಳದ ಅಡಿಕೆಗೆ ಟಾರ್ಪಾಲು ಮುಚ್ಚಲು ಹೋದರು. ಟಾರ್ಪಾಲಿನ ಮಡಿಕೆ ಎಳೆದಾಗ ಹಿಮ್ಮಡಿಯ ಮೇಲೆ ಏನೋ ಹೊಡೆದ ಹಾಗಾಯಿತಂತೆ. ನೋಡಿದರೆ ಎರಡು ರಂಧ್ರ, ರಕ್ತ ಜಿನುಗುತ್ತಿತ್ತು. ಬಾಲ ಮಾತ್ರ ಸಿಪ್ಪೆ ರಾಶಿಯೊಳಗೆ ಹೋಗಿದ್ದು ಕಂಡರು. ಕಾಲಿಗೆ ಕಟ್ಟು ಬಿಗಿಯಲಿಲ್ಲ, ಬ್ಲೇಡು ಹಾಕಲಿಲ್ಲ. ಕೂರಿಸಿ, ನಡೆಸದೆ, ಪಕ್ಕದ ಮನೆಯ ಜೀಪಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಕತ್ತಲಾಗುವ ಮೊದಲೇ ಮುಟ್ಟಿದೆವು. ಆರೋಗ್ಯ ಇಲಾಖೆ ಗೋಡೆ ಮೇಲೆ ಏನು ಬರೆಸಿದೆಯೋ ಅದನ್ನೇ ಮಾಡಿದೆವು ಸ್ವಾಮಿ.

ಡಾಕ್ಟರು ಇರಲಿಲ್ಲ. ಸ್ಟಾಫ್ ನರ್ಸ್ ಒಬ್ಬಳೇ ಇದ್ದಳು. ಅವಳು ಯಾರಿಗೋ ಫೋನ್ ಮಾಡಿದಳು. ಆ ಕಡೆಯಿಂದ ಬಂದ ಮಾತನ್ನು ನಮಗೆ ಹೇಳಿದಳು: ‘ಯಾವ ಹಾವು ಅಂತ ಗೊತ್ತಾಗದೆ ಇಂಜೆಕ್ಷನ್ ಕೊಡೋಕಾಗಲ್ವಂತೆ. ಹಾವು ಸಿಕ್ಕಿದ್ರೆ ತರಬೇಕಂತೆ.’

ನನ್ನ ಮೈದುನ ಮತ್ತು ಇನ್ನಿಬ್ಬರು ಹುಡುಗರು ಬ್ಯಾಟರಿ, ದೊಣ್ಣೆ ಹಿಡಿದು ವಾಪಸ್ ಮನೆಗೆ ಓಡಿದರು. ಕತ್ತಲಲ್ಲಿ ಬರಿಗೈಯಲ್ಲಿ ಸಿಪ್ಪೆ ರಾಶಿ ಕೆದಕಿದರು. ಅವರಲ್ಲಿ ಒಬ್ಬರಿಗೆ ಅಲ್ಲೇ ಕಚ್ಚಿದ್ದರೆ? ಅವರ ಅಮ್ಮಂದಿರಿಗೆ ನಾನು ಏನು ಹೇಳಬೇಕಿತ್ತು? ಕೊನೆಗೆ ದಪ್ಪಗೆ, ಗಿಡ್ಡಗೆ ಇದ್ದ ಒಂದು ಹಾವು ಸಿಕ್ಕಿತು. ಹೊಡೆದು ಗೋಣಿಚೀಲದಲ್ಲಿ ತಂದರು. ನೋಡಿದ ಕೂಡಲೇ ನನಗೆ ಗೊತ್ತಾಯಿತು, ಅದು ಮಣ್ಣುಮುಕ್ಕ. ಮೈಮೇಲೆ ಕಂದು ಮಚ್ಚೆ ಇರುವುದರಿಂದ ಕೊಳಕುಮಂಡಲದ ಮರಿ ಅಂತ ಎಷ್ಟೋ ಜನ ಹೊಡೆಯುತ್ತಾರೆ. ಆದರೆ ಕೊಳಕುಮಂಡಲದ ಮಚ್ಚೆ ಸರಪಳಿ ಕೊಂಡಿಗಳಂತೆ ಮೂರು ಸಾಲಿನಲ್ಲಿ ಇರುತ್ತದೆ. ತಲೆ ತ್ರಿಕೋನ, ಕುತ್ತಿಗೆ ಬೇರೆಯಾಗಿ ಕಾಣುತ್ತದೆ. ಮಣ್ಣುಮುಕ್ಕದ ಮಚ್ಚೆ ಒಂದಕ್ಕೊಂದು ಕಲಸಿಕೊಂಡಿರುತ್ತದೆ. ಬಾಲ ಮೊಂಡು.

‘ಇದು ಕಚ್ಚಿದ ಹಾವಲ್ಲ, ಕಾಲು ನೋಡಿ, ಮೊಣಕಾಲವರೆಗೂ ಊದಿದೆ’ ಅಂತ ಬೇಡಿಕೊಂಡೆ. ಮತ್ತೆ ಫೋನ್ ಹೋಯಿತು. ಚೀಲದಲ್ಲಿದ್ದ ಹಾವಿನ ಫೋಟೋ ಹೋಯಿತು. ‘ವಿಷ ಇಲ್ಲದ್ದು, ಟಿಟಿ ಹಾಕಿ ಕೂರಿಸಿ’ ಅಂತ ಉತ್ತರ ಬಂತು. ಕಾಲು ನೋಡಲು ಯಾರೂ ಬರಲಿಲ್ಲ. ಸತ್ತ ಹಾವಿನ ಮೇಲೆ ತೀರ್ಮಾನ ಮಾಡಿದರು. ಬದುಕಿದ್ದ ಮನುಷ್ಯನನ್ನು ನೋಡಲಿಲ್ಲ.

ರಾತ್ರಿ ಬಾಯಿ ಮುಕ್ಕಳಿಸಿದಾಗ ವಸಡಿನಿಂದ ರಕ್ತ ಬಂತು. ಸೂಜಿ ಚುಚ್ಚಿದ ಜಾಗದಲ್ಲಿ ರಕ್ತ ನಿಲ್ಲಲಿಲ್ಲ. ಆಗ ಎಲ್ಲರೂ ಹೆದರಿದರು. ‘ಇಂಜೆಕ್ಷನ್ ಕೊಡಿ’ ಅಂತ ಫೋನಿನಲ್ಲಿ ಅಪ್ಪಣೆಯಾಯಿತು. ಇಂಜೆಕ್ಷನ್ ಇದ್ದ ಬೀರುವಿಗೆ ಬೀಗ ಹಾಕಿತ್ತು. ಕೀ ಫಾರ್ಮಸಿಸ್ಟ್ ಹತ್ತಿರ. ಫಾರ್ಮಸಿಸ್ಟ್ ಊರಿಗೆ ಹೋಗಿದ್ದರು. ಫೋನ್ ಸಿಗಲಿಲ್ಲ. ಗಾಜಿನ ಹಿಂದೆ ಸೀಸೆಗಳು ಕಾಣುತ್ತಿದ್ದವು. ಅದರೆದುರು ಬೆಂಚಿನ ಮೇಲೆ ನನ್ನ ಗಂಡ ಕೂತಿದ್ದರು.

108 ಬಂದು, ತಾಲ್ಲೂಕು ಆಸ್ಪತ್ರೆ ಮುಟ್ಟಿ, ಅಲ್ಲಿ ಇಂಜೆಕ್ಷನ್ ಬೀಳುವಾಗ ನಡುರಾತ್ರಿ ದಾಟಿತ್ತು. ಜೀವ ಉಳಿಯಿತು. ಅಷ್ಟರಲ್ಲಿ ಕಿಡ್ನಿಗೆ ಪೆಟ್ಟು ಬಿದ್ದಿತ್ತು. ಜಿಲ್ಲಾಸ್ಪತ್ರೆಯಲ್ಲಿ ವಾರಗಟ್ಟಲೆ ಡಯಾಲಿಸಿಸ್ ಆಯಿತು. ನನ್ನ ಸರ, ಬಳೆ ಎಲ್ಲ ಅಡ ಇಡಬೇಕಾಯಿತು. ಕೊಯ್ಲು ಅರ್ಧಕ್ಕೇ ನಿಂತಿತು, ಅಂಗಳದ ಅಡಿಕೆ ಮಳೆಗೆ ನೆನೆದು ಬೂಸಲು ಹಿಡಿಯಿತು. ಮರ ಹತ್ತುತ್ತಿದ್ದ ಮನುಷ್ಯ ಈಗ ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಾರೆ.

ಆ ನರ್ಸ್ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಅವಳೂ ಅತ್ತಳು. ಒಬ್ಬಳನ್ನೇ, ತರಬೇತಿ ಕೊಡದೆ, ಕೀ ಕೂಡ ಕೊಡದೆ ಅಲ್ಲಿ ಕೂರಿಸಿದವರ ಮೇಲೆ ಸಿಟ್ಟಿದೆ.

ಸ್ವಾಮಿ, ನಿಯಮ ನಿಮಗೆ ಗೊತ್ತು. ನಮ್ಮ ದೇಶದ ಹಾವಿನ ಇಂಜೆಕ್ಷನ್ ಒಂದೇ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ನಾಲ್ಕಕ್ಕೂ ಅದೇ ಔಷಧಿ. ಹಾಗಿದ್ದ ಮೇಲೆ ಈ ನಾಲ್ಕರಲ್ಲಿ ಯಾವುದು ಅಂತ ತಿಳಿಯಲು ಹಾವು ಯಾಕೆ ಬೇಕು? ಕೇಂದ್ರ ಸರ್ಕಾರದ ಚಿಕಿತ್ಸಾ ಮಾರ್ಗಸೂಚಿ ರೋಗಿಯ ಲಕ್ಷಣ ನೋಡಿ ಅನ್ನುತ್ತದೆ. ರಕ್ತಕ್ಕೆ ಒಂದು ಪರೀಕ್ಷೆ ಇದೆ. 2 ಮಿಲಿ ರಕ್ತವನ್ನು ಒಣಗಿದ, ಚೊಕ್ಕ ಗಾಜಿನ ನಳಿಕೆಗೆ ಹಾಕಿ 20 ನಿಮಿಷ ಅಲ್ಲಾಡಿಸದೆ ಬಿಡುವುದು. ಆಮೇಲೆ ಓರೆ ಮಾಡಿ ನೋಡುವುದು. ರಕ್ತ ಹೆಪ್ಪುಗಟ್ಟದೆ ಹರಿದರೆ ಮಂಡಲದ ವಿಷ ಏರಿದೆ ಅಂತ. ಇದಕ್ಕೆ ಮಷೀನು ಬೇಡ, ಕರೆಂಟೂ ಬೇಡ. ಒಂದು ಗಾಜಿನ ನಳಿಕೆ, ಒಂದು ಗಡಿಯಾರ ಸಾಕು. ನಮ್ಮ ಹುಡುಗರು ಸಿಪ್ಪೆ ರಾಶಿ ಕೆದಕುತ್ತಿದ್ದ ಹೊತ್ತಿನಲ್ಲಿ ಈ ಪರೀಕ್ಷೆ ಮಾಡಿ ಮುಗಿಸಬಹುದಿತ್ತು.

ಮಲೆನಾಡಿನ ತರಗೆಲೆಯಲ್ಲಿ ಈ ಇಂಜೆಕ್ಷನ್ನಿಗೆ ಬಗ್ಗದ ಸಣ್ಣ ಮಂಡಲವೂ ಇದೆ, ಅದು ನಿಜ. ಅದಕ್ಕೂ ಹುಡುಕಿ ಕೊಲ್ಲಬೇಕಾಗಿಲ್ಲ. ಹಾವು ಎದುರೇ ಇದ್ದರೆ ದೂರದಿಂದ ಮೊಬೈಲಿನಲ್ಲಿ ಫೋಟೋ ತೆಗೆಯಿರಿ, ಇಲ್ಲದಿದ್ದರೆ ಬಿಟ್ಟು ಬನ್ನಿ ಅಂತ ಹೇಳಿದರೆ ಸಾಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಾವಿಗೂ ರಕ್ಷಣೆ ಕೊಟ್ಟಿದೆ ಅಲ್ವಾ? ಅರಣ್ಯ ಇಲಾಖೆಯವರು ಹಾವು ಕೊಂದರೆ ಕೇಸು ಅನ್ನುತ್ತಾರೆ. ಆಸ್ಪತ್ರೆಯವರು ಹಾವು ತನ್ನಿ ಅನ್ನುತ್ತಾರೆ. ಯಾರಿಗೂ ಏನೂ ಮಾಡದ ಒಂದು ಮಣ್ಣುಮುಕ್ಕ ಸುಮ್ನೆ ಸತ್ತಿತು. ಅದಕ್ಕೂ ನನಗೆ ಹೊಟ್ಟೆ ಉರಿಯುತ್ತದೆ.

ಆ ಸೀಸೆ ಎಲ್ಲಿಂದ ಬರುತ್ತದೆ ಅಂತ ಆಮೇಲೆ ತಿಳಿದುಕೊಂಡೆ. ತಮಿಳುನಾಡಿನ ಇರುಳ ಬುಡಕಟ್ಟಿನವರು ಜೀವ ಪಣಕ್ಕಿಟ್ಟು ಹಾವು ಹಿಡಿದು ವಿಷ ತೆಗೆಯುತ್ತಾರೆ. ಅದನ್ನು ಸ್ವಲ್ಪ ಸ್ವಲ್ಪವೇ ಕುದುರೆಗಳಿಗೆ ಚುಚ್ಚುತ್ತಾರೆ. ಕುದುರೆಯ ರಕ್ತದಿಂದ ಔಷಧಿ ತಯಾರಾಗುತ್ತದೆ. ಇಷ್ಟು ಜನರ, ಇಷ್ಟು ಪ್ರಾಣಿಗಳ ಕಷ್ಟದಿಂದ ಬಂದ ಔಷಧಿ ನಮ್ಮೂರಿನ ತನಕ ಬಂದು ಬೀಗದೊಳಗೆ ಕೂತಿತ್ತು.

2024ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸರ್ಕಾರವೇ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆ ಮಾಡಿತು. ಪ್ರತಿ ಕೇಸನ್ನೂ, ಪ್ರತಿ ಸಾವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕು. ಅದೇ ವರ್ಷ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 2030ರೊಳಗೆ ಹಾವು ಕಡಿತದ ಸಾವನ್ನು ಅರ್ಧಕ್ಕೆ ಇಳಿಸುವ ಯೋಜನೆ ತಂದಿತು. 2020ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ 2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ. ವರ್ಷಕ್ಕೆ ಸರಾಸರಿ 58,000. ಜಾಸ್ತಿ ಜನ ಹಳ್ಳಿಯವರು. ಸತ್ತದ್ದೂ ಹೆಚ್ಚಾಗಿ ಮನೆಯಲ್ಲೇ, ಆಸ್ಪತ್ರೆಯಲ್ಲಲ್ಲ. ಯಾಕೆ ಮನೆಯಲ್ಲಿ ಸಾಯುತ್ತಾರೆ ಅಂತ ನಮ್ಮೂರಿಗೆ ಬಂದರೆ ತಿಳಿಯುತ್ತದೆ. ನಮ್ಮನೆಯ ಕಥೆ ಗೊತ್ತಾದ ಮೇಲೆ ಊರವರು ಹೇಳುವುದೇನು ಗೊತ್ತಾ? ‘ಆಸ್ಪತ್ರೆಗೆ ಹೋಗಿ ಬೆಂಚಿನ ಮೇಲೆ ಕೂರೋದಕ್ಕಿಂತ ನಾಟಿ ಔಷಧಿಯೇ ವಾಸಿ.’ ನಾನು ಬೇಡ ಬೇಡ ಅಂದರೂ ನನ್ನ ಮಾತು ಯಾರೂ ಕೇಳುವುದಿಲ್ಲ. ನನ್ನ ಗಂಡನನ್ನು ತೋರಿಸಿ ಬಾಯಿ ಮುಚ್ಚಿಸುತ್ತಾರೆ.

ಹಾವು ಕಚ್ಚಿ ರೈತ ಸತ್ತರೆ ಮನೆಯವರಿಗೆ 2 ಲಕ್ಷ ಪರಿಹಾರ ಸಿಗುತ್ತದೆ. ಚೆಕ್ ಕೊಡಲು ನಿಮ್ಮಂಥವರು ಮನೆಗೇ ಬರುತ್ತೀರಿ, ಪೇಪರಿನಲ್ಲಿ ಫೋಟೋ ಬರುತ್ತದೆ. ನಮಗೆ ಆ ಚೆಕ್ ಬೇಡ. ಸಾಯುವ ಮೊದಲು ಇಂಜೆಕ್ಷನ್ ಬೇಕು.

ಮತ್ತೆ ಹೇಳುತ್ತೇನೆ. ಇಂಜೆಕ್ಷನ್ ಇರಲಿ. ಮಾರ್ಗಸೂಚಿಯಲ್ಲಿ ಹೇಳಿರುವ ಮೊದಲ ಡೋಸ್, 10 ಸೀಸೆ, ಯಾವಾಗಲೂ ಇರಲಿ. ಅದು ಮೈಗೆ ಒಗ್ಗದೆ ಹೋದರೆ ಕೊಡಬೇಕಾದ ಅಡ್ರಿನಾಲಿನ್ ಪಕ್ಕದಲ್ಲೇ ಇರಲಿ. ಬೀರುವಿನ ಕೀ ರಾತ್ರಿ ಪಾಳಿಯವರ ಕೈಯಲ್ಲಿರಲಿ. ರಾತ್ರಿ ಡಾಕ್ಟರು ಇರಲಿ. ಮೊದಲ ಡೋಸ್ ಅಲ್ಲೇ ಕೊಟ್ಟು ಆಮೇಲೆ ದೊಡ್ಡ ಆಸ್ಪತ್ರೆಗೆ ಕಳಿಸಲಿ. ‘ಹಾವು ತರಬೇಕಾಗಿಲ್ಲ’ ಅಂತ ಆಸ್ಪತ್ರೆ ಬಾಗಿಲಲ್ಲಿ ಕನ್ನಡದಲ್ಲಿ ದೊಡ್ಡದಾಗಿ ಬರೆಸಿ. ಇದಕ್ಕೆ ಹೊಸ ಕಟ್ಟಡ ಬೇಡ, ಗುದ್ದಲಿ ಪೂಜೆ ಬೇಡ.

ಇಲಾಖೆಗಳ ಕೆಲಸ ಪರಿಶೀಲಿಸುವ ತಾಲ್ಲೂಕು ಕೆಡಿಪಿ ಸಭೆಗೆ ನೀವೇ ಅಧ್ಯಕ್ಷರು. ಮುಂದಿನ ಸಭೆಯಲ್ಲಿ ತಾಲ್ಲೂಕು ಆರೋಗ್ಯ ಅಧಿಕಾರಿಯನ್ನು ನಿಲ್ಲಿಸಿ ಕೇಳಿ. ಪ್ರತಿಯೊಂದು ಆರೋಗ್ಯ ಕೇಂದ್ರದಲ್ಲಿ ಇವತ್ತು ಎಷ್ಟು ಸೀಸೆ ಇದೆ? ಅದರ ಅವಧಿ ಯಾವಾಗ ಮುಗಿಯುತ್ತದೆ? ರಾತ್ರಿ ಕೀ ಯಾರ ಹತ್ತಿರ? ಯಾರ್‍ಯಾರಿಗೆ ತರಬೇತಿ ಆಗಿದೆ? ಕಳೆದ ವರ್ಷ ಎಷ್ಟು ಜನರನ್ನು ಇಂಜೆಕ್ಷನ್ ಕೊಡದೆ ಮುಂದಕ್ಕೆ ಕಳಿಸಿದರು? ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ, ಎಲ್ಲ ಪಂಚಾಯಿತಿಗಳ ನೋಟಿಸ್ ಬೋರ್ಡಿಗೆ ಹಾಕಿಸಿ. ಮುಂಗಾರು ಶುರುವಾಗುವ ಮೊದಲು ಇದಾಗಬೇಕು. ಹಾವು ಕಡಿತದ ಸಾವುಗಳಲ್ಲಿ ಅರ್ಧದಷ್ಟು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಆಗುತ್ತವೆ. ಸಭೆಯ ದಿನ ತಿಳಿಸಿದರೆ ನಾವೂ ಬಂದು ಹೊರಗೆ ಕೂರುತ್ತೇವೆ.

ಇತಿ,
ನಿಮ್ಮ ಕ್ಷೇತ್ರದ ಒಬ್ಬ ರೈತ ಮಹಿಳೆ